ಚಾಕೊಲೇಟಿಗಿಲ್ಲದ ತೆರಿಗೆ

ಈ ತಿಂಗಳ ಕೂಟದಲ್ಲಿ ನಾವು ಓದಿದ್ದು ಗ್ಲೋರಿಯಾ ಸ್ಟೈನಮ್ ಅವರ ‘ಗಂಡಸರು ಮುಟ್ಟಾಗುವಂತಿದ್ದರೆ’ ಎಂಬ ವಿನೋದ ಪ್ರಬಂಧ. 1978ರಲ್ಲಿ ‘ಮಿಸ್’ ಪತ್ರಿಕೆಯಲ್ಲಿ ಅಚ್ಚಾಗಿ, 1983ರಲ್ಲಿ ಅವರ ಲೇಖನ ಸಂಗ್ರಹಕ್ಕೆ ಸೇರಿದ ಪುಟ್ಟ ಬರಹ. ಓದಲು ಹತ್ತು ನಿಮಿಷ ಸಾಕು. ಓದಿ, ನಕ್ಕು, ಬಿಸಿಬೇಳೆಬಾತಿಗೆ ಏಳುವುದು ಎಂದು ನಮ್ಮ ಲೆಕ್ಕ. ಹಾಗಾಗಲಿಲ್ಲ. ಬಳಗದ ಗೆಳತಿಯೊಬ್ಬರು ತಂದಿದ್ದ ಪುಸ್ತಕದೊಳಗಿಂದ, ಗುರುತಿಗೆಂದು ಯಾವಾಗಲೋ ಇಟ್ಟಿದ್ದ ಅಂಗಡಿಯ ಬಿಲ್ಲೊಂದು ಜಾರಿ ಕೆಳಗೆ ಬಿತ್ತು. 2016ರ ಬಿಲ್ಲು. ಅಕ್ಷರ ಮಾಸಿದ್ದವು, ಕಿಟಕಿಯ ಬೆಳಕಿಗೆ ಹಿಡಿದರೆ ಓದಬಹುದಿತ್ತು. ಹಾಲು, ಬ್ರೆಡ್ಡು, ಎರಡು ಚಾಕೊಲೇಟು, ಪಾತ್ರೆ ತೊಳೆಯುವ ಸೋಪು, ಒಂದು ಪ್ಯಾಕು ಪ್ಯಾಡು. ತೆರಿಗೆಯ ಗುರುತು ಇದ್ದದ್ದು ಕೊನೆಯ ಎರಡಕ್ಕೆ ಮಾತ್ರ. ಪ್ಯಾಡಿನ ಬೆಲೆ ಏಳು ಡಾಲರಿಗೆ ಒಂದು ಸೆಂಟು ಕಮ್ಮಿ; ಅದರ ಮೇಲೆ ಬಿದ್ದ ತೆರಿಗೆ ಸುಮಾರು ಅರವತ್ತು ಸೆಂಟು. ಚಾಕೊಲೇಟಿಗೆ ಸೊನ್ನೆ.

“ಅರವತ್ತು ಸೆಂಟಿಗೆ ಇಷ್ಟು ಗಲಾಟೆಯೇ?” ಎಂದರು ಒಬ್ಬರು. ಆ ಪ್ರಶ್ನೆಯ ಬೆನ್ನು ಹತ್ತಿ ಹೋದದ್ದರಿಂದ ಇದು ಸ್ಟೈನಮ್ ಪ್ರಬಂಧದ ವಿಮರ್ಶೆಯೂ ಹೌದು, ಆ ಬಿಲ್ಲಿನ ವಿಮರ್ಶೆಯೂ ಹೌದು. ಕಥೆ ಕವಿತೆ ಓದುವವರಿಗೆ ತೆರಿಗೆಯ ಪಟ್ಟಿ ಯಾಕೆ ಎಂದು ಕೇಳುವ ಓದುಗರಿದ್ದಾರೆ, ನಮಗೆ ಗೊತ್ತು. ಪಟ್ಟಿಯನ್ನೂ ಯಾರೋ ಕೂತು ಬರೆದಿರುತ್ತಾರೆ, ಏನನ್ನು ಸೇರಿಸಬೇಕು ಏನನ್ನು ಬಿಡಬೇಕು ಎಂದು ಯೋಚಿಸಿರುತ್ತಾರೆ, ಅಥವಾ ಯೋಚಿಸಿರುವುದಿಲ್ಲ. ಹಾಗಾಗಿ ಅದನ್ನು ಓದಲು ನಮಗೂ ಸ್ವಲ್ಪ ಅಧಿಕಾರವಿದೆ ಎಂದುಕೊಂಡೆವು.

ಮೊದಲು ಪ್ರಬಂಧ. ಅದರ ಉಪಾಯ ಸರಳ. ಮುಟ್ಟು ಹೆಂಗಸರಿಗಾಗುವ ಬದಲು ಗಂಡಸರಿಗೆ ಆಗುವಂತಿದ್ದರೆ ಏನಾಗುತ್ತಿತ್ತು ಎಂದು ಕಲ್ಪಿಸಿಕೊಂಡು, ಆಗ ಅದು ನಾಚಿಕೆಯ ವಿಷಯವಾಗದೆ ಹೆಮ್ಮೆಯ ವಿಷಯವಾಗುತ್ತಿತ್ತು ಎಂದು ಲೇಖಕಿ ಒಂದೊಂದೇ ಉದಾಹರಣೆ ಪೋಣಿಸುತ್ತಾ ಹೋಗುತ್ತಾರೆ. ಗಂಡಸರು ಅದರ ಬಗ್ಗೆ ಜಂಬ ಕೊಚ್ಚಿಕೊಳ್ಳುತ್ತಿದ್ದರು. ಸರ್ಕಾರ ಸಂಶೋಧನೆಗೆ ಹಣ ಸುರಿಯುತ್ತಿತ್ತು. ಪ್ಯಾಡುಗಳನ್ನು ಕೇಂದ್ರ ಸರ್ಕಾರವೇ ಪುಕ್ಕಟೆ ಹಂಚುತ್ತಿತ್ತು. ಅಷ್ಟಾದರೂ ಕೆಲವರು ಪ್ರತಿಷ್ಠೆಗಾಗಿ ಸಿನಿಮಾ ನಟರ, ಬಾಕ್ಸಿಂಗ್ ವೀರರ ಹೆಸರಿನ ಬ್ರಾಂಡುಗಳನ್ನು ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. ಪುಸ್ತಕದಲ್ಲಿರುವ ರೂಪದಲ್ಲಿ ಪ್ರಬಂಧ ಶುರುವಾಗುವುದೇ ಭಾರತದಿಂದ ಎಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿರಲಿಲ್ಲ. ಐವತ್ತರ ದಶಕದ ಕೊನೆಯಲ್ಲಿ ಸ್ಟೈನಮ್ ಭಾರತದಲ್ಲಿ ಇದ್ದವರು. ಬಿಳಿಯ ಚರ್ಮ ಮೇಲು ಎಂದು ಬಿಳಿಯರು ಜಗತ್ತನ್ನು ನಂಬಿಸಿದ್ದು ತಮಗೆ ಅಲ್ಲಿ ಅರ್ಥವಾಯಿತು ಎಂದು ಹೇಳಿ, ಆ ಎಳೆ ಹಿಡಿದು ಅವರು ಮುಟ್ಟಿನ ವಿಷಯಕ್ಕೆ ಬರುತ್ತಾರೆ. ಅಧಿಕಾರ ಯಾರ ಕೈಯಲ್ಲಿದೆಯೋ ಅವರ ಮೈಯ ಗುಣವೇ ದೊಡ್ಡ ಗುಣ ಎನ್ನುವುದು ಅವರ ವಾದ.

ವಾದ ಚೆನ್ನಾಗಿದೆ. ಆದರೆ ಅದನ್ನು ಆ ಬಿಲ್ಲಿನ ಪಕ್ಕ ಇಟ್ಟು ಓದಿದಾಗ ಪೂರ್ತಿ ಸಾಲದು ಅನ್ನಿಸಿತು.

ನಾವಿರುವ ಕ್ಯಾಲಿಫೋರ್ನಿಯಾದಲ್ಲಿ ಮಾರಾಟ ತೆರಿಗೆಯ ಸೂತ್ರ ಹೀಗಿದೆ: ಕೈಯಲ್ಲಿ ಹಿಡಿಯಬಹುದಾದ ಯಾವ ವಸ್ತು ಮಾರಿದರೂ ತೆರಿಗೆ ಉಂಟು, ಕಾನೂನು ಹೆಸರು ಹಿಡಿದು ಬಿಟ್ಟಿದ್ದಕ್ಕೆ ಮಾತ್ರ ವಿನಾಯಿತಿ. ತಿನ್ನುವ ಪದಾರ್ಥ, ಡಾಕ್ಟರು ಚೀಟಿ ಬರೆದುಕೊಟ್ಟ ಔಷಧಿ, ಹೀಗೆ. 1991ರಲ್ಲಿ ಬೊಕ್ಕಸ ಬರಿದಾದಾಗ ರಾಜ್ಯ ಕುರುಕಲು ತಿಂಡಿ, ಕ್ಯಾಂಡಿ, ಬಾಟಲಿ ನೀರಿಗೂ ತೆರಿಗೆ ಹಾಕಿತ್ತು. ಜನಕ್ಕೆ ಸಿಟ್ಟು ಬಂತು. ಮರುವರ್ಷ ನವೆಂಬರಿನಲ್ಲಿ 163ನೇ ಪ್ರಸ್ತಾವಕ್ಕೆ ಮತ ಹಾಕಿ ಅದನ್ನು ಕಿತ್ತುಹಾಕಿದರು. ಅಂದಿನಿಂದ ಚಾಕೊಲೇಟಿಗೆ ಮಾರಾಟ ತೆರಿಗೆ ಇಲ್ಲ. ಪ್ಯಾಡಿನ ಮೇಲಿನ ತೆರಿಗೆ ಮಾತ್ರ 2019ರ ಕೊನೆಯ ದಿನದವರೆಗೂ ಇತ್ತು.

2016ರ ಜನವರಿಯಲ್ಲಿ ಅಧ್ಯಕ್ಷ ಒಬಾಮಾ ಯೂಟ್ಯೂಬ್ ಸಂದರ್ಶನವೊಂದರಲ್ಲಿ, ಈ ಕಾನೂನು ಮಾಡುವಾಗ ಗಂಡಸರು ಕೂತಿದ್ದರೆಂದು ಕಾಣುತ್ತದೆ ಎಂಬರ್ಥದ ಮಾತಾಡಿದ್ದರು. ಸ್ಟೈನಮ್ ಹೇಳುವುದೂ ಹೆಚ್ಚು ಕಡಿಮೆ ಅದನ್ನೇ. ಆದರೆ 1992ರಲ್ಲಿ ಮತ ಹಾಕಿದವರಲ್ಲಿ ಹೆಂಗಸರೂ ಇದ್ದರಲ್ಲ? ಕ್ಯಾಂಡಿಯ ತೆರಿಗೆಯ ಬಗ್ಗೆ ಅಡುಗೆಮನೆಯಲ್ಲಿ, ಆಫೀಸಿನಲ್ಲಿ, ಟಿವಿಯಲ್ಲಿ ಗಟ್ಟಿಯಾಗಿ ಮಾತಾಡಬಹುದಿತ್ತು. ಇನ್ನೊಂದರ ಬಗ್ಗೆ ಆಡಲು ಬಾಯಿ ಬರಲಿಲ್ಲ. ಗಂಡಸರ ಅಧಿಕಾರ ಒಂದು ಕಾರಣ, ಒಪ್ಪಿದೆವು. ಹೆಂಗಸರೂ ಸೇರಿ ಎಲ್ಲರೂ ಕಾಪಾಡಿಕೊಂಡು ಬಂದ ಮೌನ ಇನ್ನೊಂದು ಕಾರಣ. ಸ್ಟೈನಮ್ ಅವರ ನಗೆಯೊಳಗೆ ಈ ಎರಡನೆಯದಕ್ಕೆ ಜಾಗ ಕಡಿಮೆ. (ಆ ಬಿಲ್ಲನ್ನು ಪುಸ್ತಕದೊಳಗೆ ಇಟ್ಟ ನಮ್ಮ ಗೆಳತಿಯೇ ಹೇಳಿದರು: ಅಷ್ಟು ವರ್ಷ ತಾವು ಬಿಲ್ಲಿನಲ್ಲಿ ಆ ಸಾಲನ್ನು ನೋಡಿಯೇ ಇರಲಿಲ್ಲವಂತೆ. ಹಾಲಿನ ಬೆಲೆ ಮಾತ್ರ ರೂಪಾಯಿಗೆ ಗುಣಿಸಿ ನೋಡುತ್ತಿದ್ದರಂತೆ.)

ಅದೇ 2016ರಲ್ಲಿ ವಿಧಾನಸಭೆಯ ಇಬ್ಬರು ಸದಸ್ಯೆಯರು, ಡೆಮಾಕ್ರಟಿಕ್ ಪಕ್ಷದ ಕ್ರಿಸ್ಟಿನಾ ಗಾರ್ಸಿಯಾ ಮತ್ತು ರಿಪಬ್ಲಿಕನ್ ಪಕ್ಷದ ಲಿಂಗ್ ಲಿಂಗ್ ಚಾಂಗ್, ತೆರಿಗೆ ತೆಗೆಯುವ ಮಸೂದೆ ತಂದರು. ಮಸೂದೆ ಪಾಸಾಯಿತು. ಗವರ್ನರ್ ಜೆರ್ರಿ ಬ್ರೌನ್ ಸೆಪ್ಟೆಂಬರಿನಲ್ಲಿ ಅದನ್ನು ಬೇರೆ ಕೆಲವು ತೆರಿಗೆ ರಿಯಾಯಿತಿಗಳ ಜೊತೆ ಸೇರಿಸಿ ತಿರಸ್ಕರಿಸಿದರು. ತೆರಿಗೆ ಬಿಡುವುದೂ ಒಂದೇ, ಹೊಸ ಖರ್ಚು ಮಾಡುವುದೂ ಒಂದೇ, ಎರಡರಿಂದಲೂ ಖಜಾನೆಗೆ ಅಷ್ಟೇ ಖೋತಾ ಎನ್ನುವುದು ಅವರ ಸಮರ್ಥನೆ. ಆ ಖೋತಾ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ಎಂದು ಆಗ ಅಂದಾಜಿತ್ತು.

ಬ್ರೌನ್ ಅವರನ್ನು ಬೈಯುವುದು ಸುಲಭ. ನಮ್ಮ ಬಳಗದ ಹಿರಿಯರೊಬ್ಬರು, ಜೀವಮಾನವೆಲ್ಲ ಲೆಕ್ಕಪತ್ರದಲ್ಲಿ ಕಳೆದವರು, ಅವರ ಪರ ನಿಂತರು. ಅವರ ಮಾತನ್ನು ಆದಷ್ಟು ಅವರ ಧಾಟಿಯಲ್ಲೇ ಇಲ್ಲಿ ಕೊಡುತ್ತೇವೆ. “ನೋಡೀಪ್ಪಾ, ಅಗತ್ಯದ ವಸ್ತು ಅಂತ ಬಿಡೋದಾದ್ರೆ ಸೋಪು ಅಗತ್ಯ ಅಲ್ವೇ? ಟೂತ್‌ಪೇಸ್ಟು? ಟಾಯ್ಲೆಟ್ ಪೇಪರು? ಅದಕ್ಕೆಲ್ಲ ತೆರಿಗೆ ಇದೆ. ಒಂದೊಂದೇ ತೆಗೀತಾ ಹೋದ್ರೆ ಉಳಿದದ್ದರ ಮೇಲೆ ದರ ಏರಿಸಬೇಕು. ದುಡ್ಡಿದ್ದವರ ಮನೆಗೂ ಅದೇ ರಿಯಾಯಿತಿ ಹೋಗುತ್ತೆ. ಬಡವರಿಗೆ ಕೊಡಬೇಕೂಂದ್ರೆ ತೆರಿಗೆ ತಗೊಂಡು, ಆ ಹಣದಲ್ಲಿ ನೇರವಾಗಿ ಕೊಡಿ.”

ಇದಕ್ಕೆ ಆ ದಿನ ನಮ್ಮಲ್ಲಿ ಯಾರೂ ಸರಿಯಾಗಿ ಉತ್ತರಿಸಲಿಲ್ಲ. ಯೋಚಿಸಿದ ಮೇಲೆ ತೋಚಿದ್ದನ್ನು ಈಗ ಬರೆಯುತ್ತಿದ್ದೇವೆ. ‘ಅಗತ್ಯ ವಸ್ತು’ ಎಂಬ ಒಂದೇ ಮಾತಿನ ಮೇಲೆ ವಾದ ಕಟ್ಟಿದರೆ ಹಿರಿಯರೇ ಗೆಲ್ಲುತ್ತಾರೆ. ‘ಇದನ್ನು ಐಷಾರಾಮದ ಸಾಲಿಗೆ ಸೇರಿಸಿದ್ದಾರೆ’ ಎಂಬ ಜನಪ್ರಿಯ ಘೋಷಣೆಯೂ ಅಷ್ಟು ಗಟ್ಟಿಯಲ್ಲ. ಇಲ್ಲಿಯ ಕಾನೂನು ಪ್ಯಾಡನ್ನು ಐಷಾರಾಮ ಎಂದು ಕರೆದಿರಲಿಲ್ಲ, ಯಾವ ಹೆಸರನ್ನೂ ಕೊಡದೆ ‘ಉಳಿದದ್ದೆಲ್ಲ’ ಎಂಬ ರಾಶಿಗೆ ನೂಕಿತ್ತು. ಆದರೆ ಸೋಪನ್ನು ಎಲ್ಲರೂ ಕೊಳ್ಳುತ್ತಾರೆ, ಅದರ ತೆರಿಗೆ ಎಲ್ಲರ ಮೇಲೂ ಬೀಳುತ್ತದೆ. ಪ್ಯಾಡಿನ ತೆರಿಗೆ ಬೀಳುವುದು ಅರ್ಧ ಜನರ ಮೇಲೆ, ಅವರ ಮೈ ಹಾಗಿರುವ ಕಾರಣಕ್ಕೆ, ಸುಮಾರು ನಲವತ್ತು ವರ್ಷ. ಹೆಸರು ಬೇರೆ ಇದ್ದರೂ ಅದು ಹೆಣ್ಣಾಗಿರುವುದಕ್ಕೆ ಹಾಕಿದ ತೆರಿಗೆ. ಇಂಥದನ್ನು ಆದಾಯ ಕಡಿಮೆಯಾಗುತ್ತದೆ ಎಂದು ಉಳಿಸಿಕೊಳ್ಳುವುದು ಸರಿಯಲ್ಲ ಎನ್ನುವುದು ನಮ್ಮ ತೀರ್ಮಾನ. ಹಿರಿಯರು ಒಪ್ಪಿದರೇ? ಇನ್ನೂ ಇಲ್ಲ.

ಬೇರೆ ರಾಜ್ಯಗಳ ಪಟ್ಟಿಗಳನ್ನು ಹುಡುಕಿ ಓದಿದಾಗ ಇನ್ನಷ್ಟು ಸ್ವಾರಸ್ಯ ಸಿಕ್ಕಿತು. ನ್ಯೂಯಾರ್ಕಿನಲ್ಲಿ ತಲೆಹೊಟ್ಟಿನ ಶಾಂಪೂ, ಕಾಲಿಗೆ ಹಾಕುವ ಪೌಡರು, ಬೋಳುತಲೆಗೆ ಕೂದಲು ಬರಿಸುವ ರೋಗೈನ್ ಇವೆಲ್ಲ ಔಷಧಿಯ ಸಾಲಿನಲ್ಲಿದ್ದು ತೆರಿಗೆ ತಪ್ಪಿಸಿಕೊಂಡಿದ್ದವು, ಪ್ಯಾಡು ತಪ್ಪಿಸಿಕೊಂಡಿರಲಿಲ್ಲ. 2016ರ ಮಾರ್ಚಿಯಲ್ಲಿ ಐವರು ಹೆಂಗಸರು ಕೋರ್ಟಿಗೆ ಹೋದರು. ಆ ವರ್ಷವೇ ಶಾಸನಸಭೆ ತೆರಿಗೆ ತೆಗೆಯಿತು. ಅದಕ್ಕೂ ಬಹಳ ಹಿಂದೆ, 1989ರಲ್ಲಿ, ಷಿಕಾಗೋ ನಗರದ ತೆರಿಗೆಯ ಮೊಕದ್ದಮೆಯೊಂದರಲ್ಲಿ ಇಲಿನಾಯ್ ಸುಪ್ರೀಂ ಕೋರ್ಟು ಪ್ಯಾಡು ಟ್ಯಾಂಪನ್ನುಗಳನ್ನು ವೈದ್ಯಕೀಯ ಉಪಕರಣವೆಂದು ಓದಿ ವಿನಾಯಿತಿ ಕೊಟ್ಟಿತ್ತು. ತೀರ್ಪು ಒಳ್ಳೆಯದೇ, ಆದರೆ ಆ ಓದು ಎಷ್ಟು ಸರಿ? ಮುಟ್ಟು ರೋಗವಲ್ಲ. ರೋಗ ಎಂದರೆ ವಿನಾಯಿತಿ, ರೋಗವಲ್ಲ ಎಂದರೆ ಪೆನ್ನು ಪೇಂಟುಗಳ ರಾಶಿಗೆ. ಸುಮ್ಮನೆ ತಿಂಗಳು ತಿಂಗಳು ಆಗುವ ಒಂದು ಸಂಗತಿಗೆ ಆ ಪಟ್ಟಿಗಳಲ್ಲಿ ಸಾಲೇ ಇರಲಿಲ್ಲ.

ನಮ್ಮ ಭಾಷೆಯಲ್ಲಾದರೂ ಇದೆಯೇ ಎಂದು ಆಗ ನೆನೆಸಿಕೊಂಡೆವು. ಹೊರಗೆ ಕೂತಿದಾಳೆ, ದೂರ ಇದಾಳೆ, ಕಾಗೆ ಮುಟ್ಟಿದೆ. ‘ಮುಟ್ಟು’ ಎಂಬ ಮಾತಿನೊಳಗೇ ಮುಟ್ಟಬಾರದ್ದು ಕೂತಿದೆ. ಸರ್ಕಾರ ಪುಕ್ಕಟೆ ಪ್ಯಾಡು ಕೊಡುವ ಯೋಜನೆಗೆ ಕರ್ನಾಟಕದಲ್ಲಿ ಇಟ್ಟ ಹೆಸರು ‘ಶುಚಿ’. ಸದುದ್ದೇಶದ ಹೆಸರೇ, ಆದರೂ ಅದು ಹೇಳದೆ ಬಿಟ್ಟದ್ದು ಎದುರಿನ ಪದವನ್ನು.

ಭಾರತದ ಕಥೆ ಇಲ್ಲಿಗಿಂತ ಬೋಧಪ್ರದ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಕುಂಕುಮ, ಬಿಂದಿ, ಸಿಂಧೂರ, ಗಾಜಿನ ಬಳೆಗಳಿಗೆ ತೆರಿಗೆ ಸೊನ್ನೆ. ಸ್ಯಾನಿಟರಿ ನ್ಯಾಪ್ಕಿನ್ನಿಗೆ ಶೇಕಡಾ 12. ಈ ಪಟ್ಟಿ ಬರೆದವರು ಹೆಂಗಸನ್ನು ಮರೆತಿರಲಿಲ್ಲ ಎನ್ನುವುದನ್ನು ಗಮನಿಸಬೇಕು. ನೆನಪಿಟ್ಟುಕೊಂಡೇ ಬರೆದಿದ್ದಾರೆ. ಹಣೆ ಕಂಡಿದೆ, ಕೈ ಕಂಡಿದೆ, ಸುಮಂಗಲಿ ಕಂಡಿದ್ದಾಳೆ. ಗಂಡನಿದ್ದಾಗ ಬೇಕಾದದ್ದು ಅಗತ್ಯ, ಗಂಡನಿರಲಿ ಬಿಡಲಿ ತಿಂಗಳಿಗೆ ಐದು ದಿನ ಬೇಕಾದದ್ದು ಅಗತ್ಯವಲ್ಲ. ಕ್ಯಾಲಿಫೋರ್ನಿಯಾದ ಪಟ್ಟಿಯಲ್ಲಿ ಇದ್ದದ್ದು ಮರೆವಾದರೆ ಇಲ್ಲಿ ಇದ್ದದ್ದು ಆಯ್ಕೆ. ದೆಹಲಿ ಹೈಕೋರ್ಟಿನಲ್ಲಿ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಹೂಡಿದ ದಾವೆಯ ವಿಚಾರಣೆಯಲ್ಲಿ, 2017ರ ನವೆಂಬರಿನಲ್ಲಿ, ನ್ಯಾಯಾಧೀಶರು ಬಿಂದಿಗಿರುವ ವಿನಾಯಿತಿ ಇದಕ್ಕೇಕಿಲ್ಲ ಎಂದು ಕೇಳಿದರು. 31 ಜನರ ಜಿಎಸ್‌ಟಿ ಮಂಡಳಿಯಲ್ಲಿ ಒಬ್ಬ ಹೆಂಗಸೂ ಇಲ್ಲದ್ದನ್ನು ಎತ್ತಿ ತೋರಿಸಿದರು.

ಸರ್ಕಾರ ಕೊಟ್ಟಿದ್ದ ಸಮರ್ಥನೆಯನ್ನು ನಮ್ಮಲ್ಲಿ ಬಹಳ ಜನ ನೆಪವೆಂದು ತಳ್ಳಿಹಾಕಿದ್ದೆವು. ಮತ್ತೆ ಓದಿದರೆ ಅದರಲ್ಲಿ ಸತ್ಯಾಂಶವಿದೆ. ಪ್ಯಾಡು ಮಾಡುವವರು ಕೊಳ್ಳುವ ಹೀರುಪುಡಿ, ಪ್ಲಾಸ್ಟಿಕ್ ಹಾಳೆ, ಅಂಟು, ಮರದ ತಿರುಳು ಇವಕ್ಕೆಲ್ಲ ಆಗ 12 ಅಥವಾ 18ರ ದರದಲ್ಲಿ ತೆರಿಗೆ ಇತ್ತು. ಮಾಲಿನ ಮೇಲೆ ತೆರಿಗೆ ಇದ್ದಾಗ ಆ ಹಣವನ್ನು ಲೆಕ್ಕದಲ್ಲಿ ಕಳೆಯಬಹುದು. ಮಾಲಿಗೆ ವಿನಾಯಿತಿ ಕೊಟ್ಟರೆ ಕಳೆಯುವ ಹಾಗಿಲ್ಲ. ಉದಾಹರಣೆಗೆ 100 ರೂಪಾಯಿಯ ಪ್ಯಾಕು 12 ರೂಪಾಯಿ ತೆರಿಗೆ ಸೇರಿ 112ಕ್ಕೆ ಮಾರುತ್ತಿತ್ತು ಎನ್ನಿ. ತಯಾರಕರು ಕಚ್ಚಾ ಸಾಮಾನಿಗೆ ಕಟ್ಟಿದ ತೆರಿಗೆ 8 ರೂಪಾಯಿ ಎಂದುಕೊಳ್ಳಿ. ವಿನಾಯಿತಿ ಬಂದ ಮೇಲೆ ಆ 8 ಬೆಲೆಯೊಳಗೇ ಸೇರಿ ಪ್ಯಾಕು 108 ಆಗುತ್ತದೆ. ಹುಡುಗಿಗೆ ಉಳಿದದ್ದು 12 ಅಲ್ಲ, 4. ಅದೂ ತಯಾರಕರು ಅಂಗಡಿಯವರು ಪ್ರಾಮಾಣಿಕರಾಗಿದ್ದರೆ. 2018ರ ಜುಲೈ 21ರಂದು ಮಂಡಳಿ ತೆರಿಗೆಯನ್ನು ಸೊನ್ನೆ ಮಾಡಿದಾಗ ನಮ್ಮ ಮೇಲ್‌ಗಳಲ್ಲೆಲ್ಲ ಅಭಿನಂದನೆ ಹರಿದಾಡಿದ್ದವು. ಈ ಲೆಕ್ಕವನ್ನು ಯಾರೂ ಹಾಕಿರಲಿಲ್ಲ.

ಬ್ರಿಟನ್ನಿನವರಿಗೆ ಈ ತೊಡಕಿರಲಿಲ್ಲ. ಅಲ್ಲಿ 2001ರಲ್ಲಿ ವ್ಯಾಟ್ ದರ 17.5ರಿಂದ 5ಕ್ಕೆ ಇಳಿದು, ಐರೋಪ್ಯ ಒಕ್ಕೂಟದ ನಿಯಮಗಳಿಂದ ಹೊರಬಂದ ಮೇಲೆ 2021ರ ಜನವರಿ 1ರಂದು ಸೊನ್ನೆಯಾಯಿತು, ಕಚ್ಚಾ ಮಾಲಿನ ತೆರಿಗೆ ವಾಪಸು ಪಡೆಯುವ ಸೌಲಭ್ಯದ ಸಮೇತ. ಆದರೂ 2022ರಲ್ಲಿ ‘ಟ್ಯಾಕ್ಸ್ ಪಾಲಿಸಿ ಅಸೋಸಿಯೇಟ್ಸ್’ ಸಂಸ್ಥೆ ಬೆಲೆಗಳನ್ನು ಪರಿಶೀಲಿಸಿ ನೋಡಿದಾಗ, ಉಳಿತಾಯದ ಕನಿಷ್ಠ ಶೇಕಡಾ 80 ಭಾಗ ಅಂಗಡಿಗಳವರ ಪಾಲಾಗಿತ್ತು. ಅಮೆರಿಕದಲ್ಲಿ ತೆರಿಗೆ ಬಿಲ್ಲಿನ ಕೆಳಗೆ ಬೇರೆಯಾಗಿ ಕಾಣುವುದರಿಂದ ನುಂಗುವುದು ಅಷ್ಟು ಸುಲಭವಲ್ಲ. ನ್ಯೂಜೆರ್ಸಿ 2005ರಲ್ಲಿ ತೆರಿಗೆ ತೆಗೆದದ್ದರ ಅಧ್ಯಯನ ಆಗಿದೆ. ಲಾಭ ಕೊಳ್ಳುವವರಿಗೇ ದಕ್ಕಿತ್ತು, ಕಡಿಮೆ ವರಮಾನದವರಿಗೆ ಇನ್ನಷ್ಟು ಹೆಚ್ಚಾಗಿ. ಹಿರಿಯರ ವಾದದ ಒಂದು ಕಾಲು ಇಲ್ಲಿ ಸ್ವಲ್ಪ ಕುಂಟುತ್ತದೆ ಎಂದು ಅವರಿಗೆ ತಿಳಿಸಿದ್ದೇವೆ.

ಹಾಗಿದ್ದರೂ ತೆರಿಗೆ ತೆಗೆಯುವುದಕ್ಕೆ ಒಂದು ಮಿತಿ ಇದೆ. ಪ್ಯಾಡು ಕೊಳ್ಳಬಲ್ಲವರಿಗೆ ಮಾತ್ರ ಅದು ತಲುಪುತ್ತದೆ. ಅರವತ್ತು ಸೆಂಟಿನ ಮಾತು ಏಳು ಡಾಲರು ಇದ್ದವರ ಮಾತು. ಈ ದೇಶದಲ್ಲಿ ಫುಡ್ ಸ್ಟಾಂಪಿನ ಹಣದಲ್ಲಿ ಪ್ಯಾಡು ಕೊಳ್ಳುವಂತಿಲ್ಲ. ಊರಿನಿಂದ ಬಂದು ಮಗಳ ಮನೆಯಲ್ಲಿದ್ದ ಹಾಸನದ ಕಡೆಯ ಅಮ್ಮ ಒಬ್ಬರು ಅಂದು ಕೂಟದಲ್ಲಿ ಮೂಲೆಯಲ್ಲಿ ಕೂತಿದ್ದರು. ಎಲ್ಲ ಕೇಳಿಸಿಕೊಂಡು, “ನಮ್ ಕಾಲ್ದಲ್ಲಿ ಹಳೇ ಸೀರೆ ಹರಕೊಂಡ್ರೆ ಆಯ್ತು, ಅದಕ್ಯಾವ ಟ್ಯಾಕ್ಸು ಕಣವ್ವ?” ಎಂದರು. ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ಒಗೆದ ಬಟ್ಟೆಯನ್ನು ಬಿಸಿಲಿಗೆ ಹಾಕುವಂತಿರಲಿಲ್ಲ, ಲಂಗದ ಕೆಳಗೆ ಮುಚ್ಚಿ ನೆರಳಲ್ಲಿ ಒಣಗಿಸಬೇಕಿತ್ತು, ಮಳೆಗಾಲದಲ್ಲಿ ಹಸಿಯಾಗಿಯೇ ಕಟ್ಟಿಕೊಂಡು ಶಾಲೆಗೆ ಹೋಗಿ, ಆಮೇಲೆ ಶಾಲೆಯನ್ನೇ ಬಿಟ್ಟೆ ಎಂದು ನಿಧಾನವಾಗಿ ಹೇಳಿದರು. ಸಂಜೆ ಅದರ ನಂತರ ಚರ್ಚೆ ಮುಂದುವರಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಸ್ಟೈನಮ್ ತಮಾಷೆಗೆಂದು ಬರೆದ ಪುಕ್ಕಟೆ ಪ್ಯಾಡು ಈಗ ತಮಾಷೆಯಾಗಿ ಉಳಿದಿಲ್ಲ. ಸ್ಕಾಟ್ಲೆಂಡಿನ ಸಂಸತ್ತು 2020ರ ನವೆಂಬರಿನಲ್ಲಿ ಕಾನೂನು ಪಾಸು ಮಾಡಿ, 2022ರ ಆಗಸ್ಟಿನಿಂದ ಬೇಕಾದವರಿಗೆಲ್ಲ ಪುಕ್ಕಟೆ ಸಿಗುವ ಏರ್ಪಾಡಿಗೆ ಸ್ಥಳೀಯ ಆಡಳಿತಗಳನ್ನು ಹೊಣೆ ಮಾಡಿತು. ಕ್ಯಾಲಿಫೋರ್ನಿಯಾ 2020ರಿಂದ ತೆರಿಗೆ ತೆಗೆದು, ಮೊದಲು ಎರಡು ವರ್ಷಕ್ಕೆಂದದ್ದನ್ನು ಆಮೇಲೆ ಕಾಯಂ ಮಾಡಿ, 2021ರ ಕಾನೂನಿನ ಮೂಲಕ ಆರನೇ ತರಗತಿಯಿಂದ ಮೇಲಿನ ಸರ್ಕಾರಿ ಶಾಲೆಗಳಲ್ಲಿ ಪುಕ್ಕಟೆ ಇಡಬೇಕೆಂದಿತು. ಕರ್ನಾಟಕದ ಶುಚಿ ಇವೆರಡಕ್ಕಿಂತ ಹಳೆಯದು, 2013-14ರದು. ನಡುವೆ ಕೆಲವು ವರ್ಷ ನಿಂತೇ ಹೋಗಿ 2024ರಲ್ಲಿ ಮತ್ತೆ ಶುರುವಾಯಿತು. ಯೋಜನೆ ನಿಂತ ವರ್ಷಗಳಲ್ಲಿ ಎಂಟನೇ ತರಗತಿಯಲ್ಲಿದ್ದ ಹುಡುಗಿಗೆ ಜಿಎಸ್‌ಟಿಯ ಸೊನ್ನೆಯಿಂದ ಏನು ಪ್ರಯೋಜನವಾಗಿದ್ದೀತು ಎಂಬುದು ನಮ್ಮನ್ನು ಕಾಡಿದ ಪ್ರಶ್ನೆ.

ಕಾಗದದ ಮೇಲೆ ತೆಗೆದದ್ದು ಮನೆಯೊಳಗೆ ಉಳಿದುಕೊಳ್ಳುವುದು ಕನ್ನಡಿಗರಿಗೆ ಹೊಸತೇನಲ್ಲ. ಹನ್ನೆರಡನೇ ಶತಮಾನದ ಶರಣರು ಐದು ಸೂತಕಗಳನ್ನು ಅಲ್ಲಗಳೆದರು, ಅದರಲ್ಲಿ ರಜಸ್ಸೂತಕವೂ ಒಂದು. ಹೆಣ್ಣಿನ ಮೈಯ ಒಂದು ಸಹಜ ಸಂಗತಿಯನ್ನು ಅಶುದ್ಧಿಯ ಪಟ್ಟಿಯಿಂದ ಇಷ್ಟು ಸ್ಪಷ್ಟವಾಗಿ ಹೊರಗಿಟ್ಟ ಪರಂಪರೆ ನಮ್ಮದು ಎಂದು ವೇದಿಕೆಗಳ ಮೇಲೆ ನಾವು ಹೆಮ್ಮೆಪಡುತ್ತೇವೆ. ಆದರೆ ಹಬ್ಬದ ದಿನ ಪೂಜೆಯ ಹೊತ್ತಿಗೆ ಇಲ್ಲಿಯ ನಮ್ಮ ಮನೆಗಳಲ್ಲೇ ಯಾರು ಮೇಲಿನ ರೂಮಿನಲ್ಲಿ ಉಳಿಯುತ್ತಾರೆ, ಯಾಕೆ ಉಳಿಯುತ್ತಾರೆ ಎಂದು ಬರೆಯಲು ಹೋದರೆ ಈ ಸಂಚಿಕೆ ಸಾಲದು. ಸ್ಟೈನಮ್ ಪ್ರಬಂಧ ಅಂತಿಂಥ ಮನೆಗಳನ್ನು ಕಂಡಿಲ್ಲ. ಅದು ಪತ್ರಿಕೆ, ಸಂಸತ್ತು, ಸೈನ್ಯ, ಆಸ್ಪತ್ರೆಗಳ ಲೋಕದಲ್ಲಿ ಓಡಾಡುತ್ತದೆ; ಅಡುಗೆಮನೆಯ ಹೊಸ್ತಿಲಲ್ಲಿ ನಿಲ್ಲುವ ಅತ್ತೆಯನ್ನೂ ಅಜ್ಜಿಯನ್ನೂ ಅದು ಭೇಟಿಯಾಗುವುದಿಲ್ಲ. ಅದು ಪ್ರಬಂಧದ ದೋಷವೆಂದು ನಾವು ಹೇಳುತ್ತಿಲ್ಲ. ಆ ಭಾಗವನ್ನು ಕನ್ನಡದಲ್ಲಿ ಯಾರಾದರೂ ಅಷ್ಟೇ ಲವಲವಿಕೆಯಿಂದ ಬರೆಯಬೇಕಿತ್ತು ಎಂದು ಆಸೆ ಅಷ್ಟೇ.

ಟೆಕ್ಸಸ್ ತೆರಿಗೆ ತೆಗೆದದ್ದು 2023ರ ಸೆಪ್ಟೆಂಬರ್ 1ರಿಂದ, ಮಕ್ಕಳ ಡೈಪರಿನ ಜೊತೆಗೆ. ಇನ್ನೂ ಹಲವು ರಾಜ್ಯಗಳು ತೆಗೆದಿಲ್ಲ. ಟೆನೆಸಿಯಲ್ಲಿ 2020ರಲ್ಲಿ, ವರ್ಷಕ್ಕೊಮ್ಮೆ ಬರುವ ತೆರಿಗೆರಹಿತ ವಾರಾಂತ್ಯಕ್ಕೆ ಪ್ಯಾಡನ್ನೂ ಸೇರಿಸುವ ಮಾತು ಬಂದಾಗ, ಎಷ್ಟು ಕೊಳ್ಳಬಹುದು ಎಂಬುದಕ್ಕೆ ಮಿತಿಯೇ ಇಲ್ಲವಲ್ಲ ಎಂದು ಸೆನೆಟರೊಬ್ಬರು ಚಿಂತೆಗೊಳಗಾಗಿದ್ದರು. ಸ್ಟೈನಮ್ ಕೈಗೆ ಸಿಕ್ಕಿದ್ದರೆ ಬಿಡುತ್ತಿರಲಿಲ್ಲ.

ಬೇರೆ ರಾಜ್ಯಗಳಲ್ಲಿರುವ ಓದುಗ ಮಿತ್ರರು ತಮ್ಮ ಊರಿನ ಬಿಲ್ಲಿನಲ್ಲಿ ಯಾವುದರ ಮುಂದೆ ತೆರಿಗೆಯ ಗುರುತಿದೆ, ಯಾವುದರ ಮುಂದೆ ಇಲ್ಲ ಎಂದು ಒಮ್ಮೆ ನೋಡಿ ನಮಗೆ ಬರೆಯಬೇಕೆಂದು ಕೋರಿಕೆ. ಹಿರಿಯರು ತಮ್ಮ ಮರುತ್ತರವನ್ನು ಮುಂದಿನ ಸಂಚಿಕೆಗೆ ಕೊಡುವುದಾಗಿ ಹೇಳಿದ್ದಾರೆ. ಹಾಸನದ ಅಮ್ಮ ಮುಂದಿನ ವಾರ ಊರಿಗೆ ಹೊರಟಿದ್ದಾರೆ. ಹೊರಡುವ ಮುಂಚೆ ಅವರನ್ನು ಇನ್ನೊಮ್ಮೆ ಕೂರಿಸಿಕೊಂಡು ಮಾತಾಡಿಸಿ, ಅವರು ಒಪ್ಪಿದರೆ ಬರೆದಿಟ್ಟುಕೊಳ್ಳಬೇಕೆಂದಿದ್ದೇವೆ.